ಹೆಜ್ಜಾರ್ಲೆಗಳ ತವರುಮನೆ

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹಳೆಯ ಹೆದ್ದಾರಿಯಲ್ಲಿ ಚನ್ನಪಟ್ಟಣವನ್ನು ದಾಟಿ ಮದ್ದೂರಿನತ್ತ ಸಾಗಿದರೆ ರುದ್ರಾಕ್ಷಿಪುರವೆಂಬ ಊರು ಸಿಗುತ್ತದೆ. ಅಲ್ಲಿ ಹೆದ್ದಾರಿಯನ್ನು ಬಿಟ್ಟು, ಕಬ್ಬು, ರಾಗಿ, ತೆಂಗುಗಳ ನಡುವೆ ಸುಮಾರು 12 ಕಿಲೋಮೀಟರು ನಡೆದ ದಾರಿಯು ಪಯಣಿಗನನ್ನು ಕೊಕ್ಕರೆ ಬೆಳ್ಳೂರಿಗೆ ತಂದು ಬಿಡುತ್ತದೆ. ಮಂಡ್ಯ ಜಿಲ್ಲೆಯ ಇತರ ಹಳ್ಳಿಗಳಂತೆಯೇ ಇದೂ ಒಂದು. ಹೆಂಚಿನ ಮನೆಗಳು, ಜಗುಲಿಗಳು, ಕೊಟ್ಟಿಗೆಗಳು, ಹಿತ್ತಿಲ ತಿಪ್ಪೆಗಳು. ಆದರೆ ತಲೆಯೆತ್ತಿ ನೋಡಿದವನು ನಿಂತಲ್ಲೇ ನಿಲ್ಲುತ್ತಾನೆ. ಮನೆಗಳ ಮೇಲೆ ಬಾಗಿದ ಹುಣಿಸೆಯ ಮರಗಳಲ್ಲಿ, ಬೀದಿಯ ಕೊನೆಯ ಆಲ ಅರಳಿಗಳಲ್ಲಿ, ಕೊಂಬೆ ಕೊಂಬೆಗೂ ಗೂಡುಗಳು. ಗೂಡು ಗೂಡಿಗೂ ಒಂದೊಂದು ಸಂಸಾರ!

ಇಲ್ಲಿಗೆ ಬರುವ ಹಕ್ಕಿಗಳಲ್ಲಿ ಮುಖ್ಯವಾದವು ಎರಡು. ಒಂದು, ಹಳದಿಯ ಉದ್ದ ಕೊಕ್ಕಿನ, ಬಾಲದ ಬಳಿ ಗುಲಾಬಿ ಬಣ್ಣವನ್ನು ಬಳಿದುಕೊಂಡಂತೆ ಕಾಣುವ ಬಣ್ಣದ ಕೊಕ್ಕರೆ. ಇನ್ನೊಂದು ಹೆಜ್ಜಾರ್ಲೆ. ಬೂದುಬಿಳುಪಿನ ಭಾರಿ ಮೈ, ಚುಕ್ಕೆಗಳ ಕೊಕ್ಕು, ಅದರ ಕೆಳಗೆ ಜೋತಾಡುವ ಚರ್ಮದ ಚೀಲ. ರೆಕ್ಕೆ ಬಿಚ್ಚಿದರೆ ಆರಡಿಗೂ ಮಿಗಿಲು. ಇಷ್ಟು ದೊಡ್ಡ ಹಕ್ಕಿಯು ಸೌಟು ಪಾತ್ರೆಗಳ ಸದ್ದು ಕೇಳಿಸುವ ಅಡುಗೆಮನೆಯ ನೆತ್ತಿಯ ಮೇಲೆಯೇ ನಿರ್ಭಯವಾಗಿ ಮೊಟ್ಟೆಯಿಡುತ್ತದೆ. ತಾಯಿಹಕ್ಕಿಯ ಚೀಲದೊಳಕ್ಕೆ ಮರಿಯು ಕತ್ತಿನವರೆಗೂ ತಲೆ ತೂರಿಸಿ ಮೀನುಣ್ಣುವ ನೋಟವು ಊರಿನ ಮಕ್ಕಳಿಗೆ ನಿತ್ಯದ ಸಂಗತಿ.

ಚಳಿಗಾಲದ ಮೊದಲಲ್ಲಿ ಬಂದು, ಮೊದಲ ಮಳೆಗಳು ಬೀಳುವ ಹೊತ್ತಿಗೆ ಮರಿಗಳೊಡನೆ ಹೊರಟುಹೋಗುವ ಈ ಹಕ್ಕಿಗಳನ್ನು ಬೆಳ್ಳೂರಿನವರು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆನ್ನುತ್ತಾರೆ. ಹಿಂದೆ ಊರು ಶಿಂಷಾ ನದಿಯ ದಡದಲ್ಲಿತ್ತಂತೆ. ಪ್ಲೇಗಿನ ಮಾರಿ ಬಡಿದಾಗ ಜನರು ಊರು ಬಿಟ್ಟು ಈಗಿನ ಜಾಗಕ್ಕೆ ಬಂದರಂತೆ. ಹಕ್ಕಿಗಳೂ ಅವರನ್ನು ಹಿಂಬಾಲಿಸಿ ಬಂದುವಂತೆ. ಮನುಷ್ಯನನ್ನು ನಂಬಿ ಮನೆ ಬದಲಿಸಿದ ಹಕ್ಕಿಯ ಈ ಕಥೆಯನ್ನು ಊರ ಹಿರಿಯರು ಇಂದಿಗೂ ಅಭಿಮಾನದಿಂದ ಹೇಳುತ್ತಾರೆ.

ಈ ನಂಟಿನಲ್ಲಿ ಲಾಭವೂ ಉಂಟು. ಮರದಡಿಯಲ್ಲಿ ರೈತರು ಕೆರೆಯ ಗೋಡನ್ನು ಹರಡುತ್ತಿದ್ದರು. ಹಕ್ಕಿಗಳ ಹಿಕ್ಕೆ ಅದರ ಮೇಲೆ ಬಿದ್ದು ಒಳ್ಳೆಯ ಗೊಬ್ಬರವಾಗುತ್ತಿತ್ತು. ಆದರೆ ನಷ್ಟವನ್ನು ಮರೆತು ಲಾಭವನ್ನು ಮಾತ್ರ ಹೇಳುವುದು ನ್ಯಾಯವಲ್ಲ. ಹುಣಿಸೆ ಹಣ್ಣಾಗುವ ಕಾಲವೂ ಗೂಡಿನಲ್ಲಿ ಮರಿಯಿರುವ ಕಾಲವೂ ಒಂದೇ. ಮರ ಹತ್ತಿ ಹಣ್ಣು ಬಡಿದರೆ ಗೂಡುಗಳು ಚೆದುರುತ್ತವೆ. ಬಡಿಯದಿದ್ದರೆ ವರ್ಷದ ಆದಾಯ ಕೈಬಿಡುತ್ತದೆ. ಮಗಳ ಮದುವೆಗೋ ಮಗನ ಶಾಲೆಗೋ ದುಡ್ಡು ಬೇಕಾದವನಿಗೆ ಹಿತ್ತಿಲ ಮರವೇ ಬ್ಯಾಂಕು. ಕೊಡಲಿಯವನು ಬಾಗಿಲಿಗೆ ಬಂದು ಬೆಲೆ ಹೇಳಿದಾಗ ಆತನು ತೂಗಿ ನೋಡಬೇಕಾದುದು ಒಂದು ಕಡೆ ತನ್ನ ಸಂಸಾರವನ್ನು, ಇನ್ನೊಂದು ಕಡೆ ಹಕ್ಕಿಯ ಸಂಸಾರವನ್ನು.

ಈ ತೂಕದ ಕಷ್ಟವನ್ನು ಕಂಡವರೂ ಇದ್ದರು. 1976ರಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು ಈ ಹಕ್ಕಿನೆಲೆಯನ್ನು ಹೊರಗಿನವರ ಗಮನಕ್ಕೆ ತಂದರು. ಗೂಡಿರುವ ಮರಗಳ ಒಡೆಯರಿಗೆ ಇಲಾಖೆಯಿಂದ ಒಂದಿಷ್ಟು ಪರಿಹಾರ ಕೊಡುವ ಪದ್ಧತಿ ಬಂದಿತು. 1990ರ ದಶಕದಲ್ಲಿ ಊರಿನ ಯುವಕರು ‘ಹೆಜ್ಜಾರ್ಲೆ ಬಳಗ’ವನ್ನು ಕಟ್ಟಿಕೊಂಡರು. ಗಾಳಿಗೆ ಗೂಡಿನಿಂದ ಕೆಳಗುರುಳಿದ ಮರಿಯನ್ನು ತಾಯಿಹಕ್ಕಿ ಮತ್ತೆ ಎತ್ತಿಕೊಳ್ಳಲಾರದು. ನಾಯಿಯ ಬಾಯಿಗೋ ಹಸಿವಿಗೋ ಅದು ತುತ್ತಾಗಬೇಕು. ಅಂಥ ಮರಿಗಳನ್ನು ಬಳಗದವರು ಬೇಲಿಯೊಳಗೆ ಇರಿಸಿ, ಮೀನು ತಂದು ತಿನ್ನಿಸಿ, ರೆಕ್ಕೆ ಬಲಿತ ಮೇಲೆ ಹಾರಿಬಿಡುವ ಕೆಲಸವನ್ನು ಕೈಗೊಂಡರು. 2007ರಲ್ಲಿ ಸರ್ಕಾರವು ಊರನ್ನು ‘ಸಮುದಾಯ ಮೀಸಲು’ ಎಂದು ಘೋಷಿಸಿತು. ಬೇಲಿ ಹಾಕಿ ಜನರನ್ನು ಹೊರಗಟ್ಟಿದ ಕಾಡು ಇದಲ್ಲ. ಜನರ ಮನಸ್ಸಿನ ಆಧಾರದ ಮೇಲೆ ನಿಂತ ರಕ್ಷಣೆ.

ಆದರೆ ಹಕ್ಕಿಯ ಬದುಕು ಊರಿನ ಗಡಿಗೆ ಮುಗಿಯುವುದಿಲ್ಲ. ಮರ ಬೆಳ್ಳೂರಿನದಾದರೆ ಮೀನು ತೈಲೂರು ಕೆರೆಯದು, ಮದ್ದೂರು ಕೆರೆಯದು, ಶಿಂಷೆಯದು. ಕೆರೆ ಬತ್ತಿದ ವರ್ಷ ಗೂಡುಗಳು ಕಡಿಮೆಯಾಗುತ್ತವೆ. ಗದ್ದೆಯ ಔಷಧಿಯೂ ಪೇಟೆಯ ಕೊಳಚೆಯೂ ಕೆರೆಗೆ ಇಳಿದರೆ ಅದರ ಫಲವನ್ನು ಮೀನೂ, ಮೀನನ್ನುಂಡ ಹಕ್ಕಿಯೂ ಅನುಭವಿಸಬೇಕು. 2017ರ ಕೊನೆಯಿಂದ ಕೆಲವು ತಿಂಗಳುಗಳ ಕಾಲ ಹೆಜ್ಜಾರ್ಲೆಗಳು ಒಂದಾದ ಮೇಲೊಂದರಂತೆ ಮರದಿಂದ ಬಿದ್ದು ಸತ್ತವು. ಪರೀಕ್ಷಿಸಿದಾಗ ಒಡಲಲ್ಲಿ ಹುಳುಬಾಧೆ ಕಂಡುಬಂದಿತು. ಮಗಳೆಂದು ಕರೆದ ಹಕ್ಕಿಯ ಹೆಣವನ್ನು ಅಂಗಳದಿಂದ ಎತ್ತಿದ ಜನರ ಸಂಕಟವನ್ನು ಓದುಗರೇ ಊಹಿಸಬಹುದು.

ಪ್ರತಿ ವರ್ಷವೂ ಗೂಡಿನ ಕಾಲದಲ್ಲಿ ಶಾಲಾ ಕಾಲೇಜುಗಳ ವಿದ್ಯಾರ್ಥಿಗಳು ಇಲ್ಲಿಗೆ ಪ್ರವಾಸ ಬರುತ್ತಾರೆ. ಬಸ್ಸಿನಿಂದ ಇಳಿದು, ಚಿತ್ರ ತೆಗೆದು, ಬುತ್ತಿಯುಂಡು ಹಿಂತಿರುಗುತ್ತಾರೆ. ಪ್ರಕೃತಿಯ ರಕ್ಷಣೆಯೆಂದರೆ ಘೋಷಣೆಯ ಫಲಕ ಹಿಡಿದು ಬೀದಿ ಸುತ್ತುವುದೆಂದು ತಿಳಿದ ತರುಣನಿಗೆ ಬೆಳ್ಳೂರು ಬೇರೊಂದು ಪಾಠವನ್ನು ಹೇಳಬಲ್ಲುದು. ಗೂಡಿನಡಿಯಲ್ಲಿ ಕೂಗದಿರುವುದು, ಹಕ್ಕಿ ಹಾರಲೆಂದು ಕಲ್ಲೆಸೆಯದಿರುವುದು, ತಂದ ಕಾಗದ ಪ್ಲಾಸ್ಟಿಕ್ಕುಗಳನ್ನು ಹಿಂದಕ್ಕೆ ಒಯ್ಯುವುದು: ಇವು ಅತಿಥಿಯ ಮರ್ಯಾದೆ ಮಾತ್ರ. ನಿಜವಾದ ನೆರವು ಇದಕ್ಕಿಂತ ದೀರ್ಘವಾದುದು. ಒಂದೇ ಕಾಲೇಜಿನ ವಿದ್ಯಾರ್ಥಿಗಳು ವರ್ಷ ತಪ್ಪದೆ ಬಂದು, ಯಾವ ಮರದಲ್ಲಿ ಎಷ್ಟು ಗೂಡು, ಎಷ್ಟು ಮರಿ, ಯಾವ ಮರ ಈ ಸಲ ಇಲ್ಲವಾಯಿತು ಎಂದು ಪುಸ್ತಕದಲ್ಲಿ ಬರೆದಿಟ್ಟರೆ, ಹತ್ತು ವರ್ಷಗಳಲ್ಲಿ ಅದು ಯಾರೂ ಅಲ್ಲಗಳೆಯಲಾರದ ದಾಖಲೆಯಾದೀತು. ಊರವರ ಒಪ್ಪಿಗೆ ಪಡೆದು ಆಲ, ಅರಳಿ, ಬಸರಿ, ಅತ್ತಿಗಳ ಸಸಿಗಳನ್ನು ನೆಟ್ಟು, ಎರಡು ಮೂರು ಬೇಸಗೆ ನೀರುಣಿಸಿದರೆ ಮುಂದಿನ ತಲೆಮಾರಿನ ಹಕ್ಕಿಗೆ ಕೊಂಬೆ ದೊರೆತೀತು. ಬಳಗದ ಬೇಲಿಯ ಮರಿಗಳಿಗೆ ಮೀನಿನ ಖರ್ಚಿಗೆಂದು ತರಗತಿಯಲ್ಲಿ ಕೂಡಿಸಿದ ಹತ್ತು ಹತ್ತು ರೂಪಾಯಿಗಳೂ ಸಣ್ಣ ಮಾತಲ್ಲ.

ಬೆಳ್ಳೂರಿಗೆ ಬರಲಾಗದವರಿಗೂ ಕೆಲಸ ಉಂಟು. ಮೈಸೂರಿನ ಕುಕ್ಕರಹಳ್ಳಿ ಕೆರೆಯಲ್ಲಿ, ಬೆಂಗಳೂರಿನ ಕೆಲವು ಕೆರೆಗಳಲ್ಲಿ ಇದೇ ಜಾತಿಯ ಹೆಜ್ಜಾರ್ಲೆಗಳು ತೇಲುತ್ತ ಮೀನು ಹಿಡಿಯುವುದನ್ನು ಬೆಳಗಿನ ವಾಯುವಿಹಾರದವರು ಕಂಡಿರುತ್ತಾರೆ. ನಗರದ ವಿದ್ಯಾರ್ಥಿಯು ತನ್ನ ಬಡಾವಣೆಯ ಕೆರೆಗೆ ಯಾವ ಮೋರಿ ಬಂದು ಸೇರುತ್ತದೆಂಬುದನ್ನು ನಡೆದು ನೋಡಿ, ಬರೆದು, ಸಂಬಂಧಪಟ್ಟವರ ಮುಂದಿಟ್ಟು, ಉತ್ತರ ಬರುವ ತನಕ ಕೇಳುತ್ತಿದ್ದರೆ ಅದೂ ಹಕ್ಕಿಯ ಸೇವೆಯೇ. ತವರುಮನೆ ಬೆಳ್ಳೂರಿನಲ್ಲಿದ್ದರೂ ಮಗಳ ಊಟದ ಎಲೆಯನ್ನು ಹಾಕಬೇಕಾದವರು ನಾಡಿನ ಕೆರೆಗಳ ಸುತ್ತಲೂ ಇದ್ದಾರೆ.

ಮಳೆಗಾಲದಲ್ಲಿ ಬೆಳ್ಳೂರು ನಿಶ್ಶಬ್ದವಾಗುತ್ತದೆ. ಬರಿಯ ಗೂಡುಗಳ ಕಡ್ಡಿಗಳು ಗಾಳಿಗೆ ಉದುರಿ ಅಂಗಳದಲ್ಲಿ ಬೀಳುತ್ತವೆ. ಹೆಂಗಸರು ಗುಡಿಸಿ ಒಲೆಗೆ ಹಾಕುತ್ತಾರೆ. ಇಂದು ಹದಿನಾರರ ಹುಡುಗಿ ನೆಟ್ಟ ಬಸರಿಯ ಸಸಿಯಲ್ಲಿ ಮೊದಲ ಗೂಡು ಮೂಡುವ ಹೊತ್ತಿಗೆ ಆಕೆ ಮಕ್ಕಳೊಂದಿಗಳಾಗಿರುತ್ತಾಳೆ. ಅಂದು ಮಕ್ಕಳ ಕೈ ಹಿಡಿದು ಆಕೆ ಈ ಬೀದಿಗೆ ಬಂದಾಗ ತಲೆಯೆತ್ತಿ ನೋಡಲು ಹಕ್ಕಿಗಳಿರಲಿ ಎಂಬುದೇ ಬೆಳ್ಳೂರಿನವರ ಹಾರೈಕೆ.