ಆಮೆಗೊಂದು ಮನೆ

ನೀರಿನಲ್ಲಿರುವುದಕ್ಕೂ ನೆಲದಲ್ಲಿರುವುದಕ್ಕೂ ಕನ್ನಡದಲ್ಲಿ ಆಮೆ ಎಂದೇ ಅನ್ನುತ್ತೇವೆ. ಉರ್ದುವಿನಲ್ಲೂ ಕಛುವಾ ಎಂದರೆ ಮುಗಿಯಿತು. ಮಾತಿಗೆ ಇಷ್ಟು ಸಾಕು. ಆಮೆಗೆ ಮನೆ ಹುಡುಕುವವರಿಗೆ ಸಾಲದು. ಈ ಬೇಸಿಗೆಯಲ್ಲಿ ನಾವು ಗಂಡ-ಹೆಂಡತಿ ಆ ಕೆಲಸಕ್ಕೆ ಹೊರಟಿದ್ದೆವು.

ಸಿಂಧನೂರಿನ ನಮ್ಮ ನೆಂಟರ ಮನೆಯಲ್ಲೊಂದು ಆಮೆಯಿತ್ತು. ಕಣ್ಣಿನ ಹಿಂದೆ ಕೆಂಪು ಪಟ್ಟೆ. ಮಗಳು ಶಾಲೆಗೆ ಹೋಗುವಾಗ ಬೆಂಗಳೂರಿನಿಂದ ತಂದದ್ದು. ಆಗ ನಾಣ್ಯಕ್ಕಿಂತ ತುಸು ದೊಡ್ಡದು, ಈಗ ತಟ್ಟೆಯಷ್ಟಾಗಿದೆ. ಮಗಳು ಮದುವೆಯಾಗಿ ಹೋದಳು. ನೀರು ಬದಲಿಸುವವರಿಲ್ಲ, ಮನೆಯೆಲ್ಲ ವಾಸನೆ. "ಕಾಲುವೆಗೆ ಬಿಟ್ಟು ಬರೋಣ, ಸವಾಬ್ ಸಿಗುತ್ತದೆ" ಎಂದರು ಯಜಮಾನರು. ನಾವು ತಡೆದೆವು. ಅದು ಅಮೆರಿಕದ ಮಿಸಿಸಿಪ್ಪಿ ಸೀಮೆಯ ಪ್ರಾಣಿ. ತುಂಗಭದ್ರಾ ಕಾಲುವೆಗೆ ಇಳಿದರೆ ನಮ್ಮ ಕೆರೆ, ಗದ್ದೆಗಳ ನೀರಾಮೆಗೆ ಮೇವಿನಲ್ಲೂ ಬಿಸಿಲು ಕಾಯುವ ಜಾಗದಲ್ಲೂ ಪೈಪೋಟಿ, ರೋಗವೂ ಅಂಟಬಹುದು. ತಡೆದವರ ಕೊರಳಿಗೇ ಬಿತ್ತು: "ಹಾಗಾದರೆ ನೀವೇ ಒಂದು ಒಳ್ಳೆಯ ಮನೆ ನೋಡಿ, ಭಾಯಿಜಾನ್."

ಹೆಣ್ಣುಮಕ್ಕಳಿಗೆ ಮನೆ ನೋಡಿದ ಅನುಭವ ನಮಗುಂಟು. ಅಲ್ಲಿ ಸಂಪಾದನೆ, ಖಾನ್‌ದಾನ್ ವಿಚಾರಿಸುತ್ತೇವೆ. ಆಮೆಗೆ ಅವೆರಡೂ ಬೇಕಿಲ್ಲ.

ಮೊದಲು ಕೇಳಿದವರು ಲಿಂಗಸುಗೂರಿನವರು, ಅನುಕೂಲಸ್ಥರು. ಆಮೆಯಿದ್ದಲ್ಲಿ ಹಣ ನಿಲ್ಲುತ್ತದೆಂದು ಯಾರೋ ಹೇಳಿದ್ದರಂತೆ. (ಇದನ್ನು ನಂಬುವುದರಲ್ಲಿ ನಮ್ಮ ಕಡೆ ಜಾತಿ-ಮತದ ಭೇದವಿಲ್ಲ.) "ಒಂದು ಈಗಾಗಲೇ ಐತ್ರಿ, ಇದಕ್ಕ ಜೋಡಿ ಆಗ್ತೈತಿ" ಎಂದು ಬಕೆಟ್ ತಂದಿಟ್ಟರು. ಅರ್ಧ ನೀರಿನಲ್ಲಿ ನಕ್ಷತ್ರ ಆಮೆ ಕತ್ತೆತ್ತಿ ಒದ್ದಾಡುತ್ತಿತ್ತು. ಅದು ಕುರುಚಲು ಕಾಡಿನ, ಒಣನೆಲದ, ಹುಲ್ಲು-ಸೊಪ್ಪು ತಿನ್ನುವ ಜೀವ, ಈಜು ಬಾರದು. ಮೊದಲು ನೀರು ಚೆಲ್ಲಿದೆವು, ಆಮೇಲೆ ಕಾನೂನು ಹೇಳಿದೆವು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಾದ ತಿದ್ದುಪಡಿ ಅದನ್ನು ಮೊದಲನೇ ಪಟ್ಟಿಗೆ ಸೇರಿಸಿದೆ. ಅಪರಾಧ ಸಾಬೀತಾದರೆ ಮೂರರಿಂದ ಏಳು ವರ್ಷ ಜೈಲು.

"ಹೊಲದಾಗ ಸಿಕ್ಕಿದ್ದು, ನಾವೇನ್ ಕಳವು ಮಾಡೀವೇನ್ರಿ?" ಎಂದರು. ಕಳವಲ್ಲ, ನಿಜ. ಆದರೆ ಹೀಗೆ ಸಿಕ್ಕವೇ ಕೈಯಿಂದ ಕೈಗೆ ದಾಟಿ ವಿಮಾನವೇರುತ್ತವೆ. 2018ರ ನವೆಂಬರಿನಲ್ಲಿ ಸಿಂಗಪುರದಿಂದ 51 ನಕ್ಷತ್ರ ಆಮೆಗಳು ಬೆಂಗಳೂರಿಗೆ ಮರಳಿದವು. ಅವನ್ನೂ ನೇರವಾಗಿ ಕಾಡಿಗೆ ಬಿಡಲಿಲ್ಲ. ಪ್ರತ್ಯೇಕವಾಗಿಟ್ಟು ಆರೋಗ್ಯ ನೋಡಬೇಕಾಯಿತು. ಯಾವ ಗುಡ್ಡದ್ದೆಂದು ತಿಳಿಯದ ಆಮೆಗೆ ಗುಡ್ಡವೂ ಸುಲಭವಾಗಿ ಮನೆಯಾಗುವುದಿಲ್ಲ. ಇದರ ಹೊಲ ಯಾವುದೆಂದಾದರೂ ಗೊತ್ತಿತ್ತು. ಅವರೇ ಅರಣ್ಯ ಇಲಾಖೆಗೆ ಫೋನು ಮಾಡಿದರು. ಆದರೆ ನಮ್ಮೊಡನೆ ಇಂದಿಗೂ ಅರ್ಧ ಮಾತು.

ಎರಡನೆಯವರು ಮಸ್ಕಿಯ ನಿವೃತ್ತ ಮೇಷ್ಟ್ರು. ಅಶೋಕನ ಹೆಸರಿರುವ ಶಾಸನ 1915ರಲ್ಲಿ ದೊರೆತ ಊರು ಅದು. ಕೊಲ್ಲಬಾರದ ಪ್ರಾಣಿಗಳ ಪಟ್ಟಿಯಲ್ಲಿ ಆತ ಆಮೆಯನ್ನೂ ಸೇರಿಸಿದ್ದಾನೆಂದು ಮೇಷ್ಟ್ರು ಹೇಳಿದರು. ಆ ಪಟ್ಟಿಯಿರುವುದು ಮಸ್ಕಿಯ ಬಂಡೆಯಲ್ಲಲ್ಲ, ಉತ್ತರದ ಸ್ತಂಭಶಾಸನದಲ್ಲಿ ಎಂದೂ ತಾವೇ ಸೇರಿಸಿದರು. ನಾವು ನಮ್ಮ ಪ್ರಶ್ನೆಗಳನ್ನು ತೆಗೆದೆವು. ಅಂಗಳಕ್ಕೆ ಬಿಸಿಲು ಬೀಳುತ್ತದೆಯೇ? ಮೈ ಒಣಗಿಸಲು ಕಲ್ಲಿದೆಯೇ? ನಾಯಿ? ಮಳೆಗೆ ತೊಟ್ಟಿ ತುಂಬಿದರೆ ಆಮೆ ಹಳ್ಳ ಸೇರದಂತೆ ಗೋಡೆ? ಮುಟ್ಟಿದ ಮಕ್ಕಳು ಸೋಪಿನಿಂದ ಕೈ ತೊಳೆಯುವರೇ? ಇದು ನಗುವ ಮಾತಲ್ಲ. ಆಮೆಯಿಂದ ಮಕ್ಕಳಿಗೆ ಸಾಲ್ಮೊನೆಲ್ಲಾ ತಗಲುತ್ತದೆಂದು ಅಮೆರಿಕದಲ್ಲಿ 1975ರಲ್ಲೇ ನಾಲ್ಕು ಅಂಗುಲಕ್ಕಿಂತ ಚಿಕ್ಕ ಆಮೆಗಳ ಮಾರಾಟ ನಿಲ್ಲಿಸಿದರು.

ಕೊನೆಯ ಪ್ರಶ್ನೆಗೆ ನಾಲಿಗೆ ತಡವರಿಸಿತು. ಈ ಆಮೆ ಇನ್ನೂ ಇಪ್ಪತ್ತು ವರ್ಷ ಬದುಕಬಹುದು. ಮೇಷ್ಟ್ರಿಗೆ ಎಪ್ಪತ್ತು ದಾಟಿದೆ. "ನನ್ನ ನಂತರ ಯಾರು ಅಂತೀರೇನು?" ಎಂದು ಅವರೇ ನಕ್ಕು, ಒಂಬತ್ತನೇ ಕ್ಲಾಸಿನ ಮೊಮ್ಮಗಳನ್ನು ಕರೆದರು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾ ನೌಕರಿಗೆ ಬೆಂಗಳೂರಿಗೆ ಹೋದ್ರ ಏನ್ ಮಾಡ್ಲಿ, ತಾತಾ?" ಎಂದಳು. ಎರಡೂ ಮನೆಗಳಲ್ಲಿ ನಮಗೆ ಹಿಡಿಸಿದ್ದು ಆ ಒಂದು ಮಾತು.

"ಹೋಗೂಕಿಂತ ಮೊದ್ಲ ಇವ್ರಿಗೆ ಫೋನ್ ಮಾಡು. ಹಳ್ಳಕ್ಕ ಮಾತ್ರ ಬಿಡಬ್ಯಾಡ" ಎಂದರು ಮೇಷ್ಟ್ರು.

ತೊಟ್ಟಿ ಕಟ್ಟಿದ್ದಾಗಿದೆ. ಹೊಸ ಸಿಮೆಂಟಿನ ಸುಣ್ಣ ಬಿಡುವವರೆಗೆ ನೀರು ತುಂಬಿ ಚೆಲ್ಲುತ್ತಿರಬೇಕು ಎಂದಿದ್ದೇವೆ. ಮೂರು ಸಲ ಆಯಿತಂತೆ. ಅಲ್ಲಿಯವರೆಗೆ ಆಮೆ ನಮ್ಮ ಬಚ್ಚಲಲ್ಲಿದೆ.