ಭತ್ತದ ಎಲೆಯ ಮೇಲಿನ ಗುಡ್ಡಸಾಲು

ಹರಿಹರದಲ್ಲಿ ಕಣ್ಣಿಗಿಂತ ಮೊದಲು ಬೆರಳಿಗೆ ಕೆಲಸ ಬೀಳುತ್ತದೆ. ಹರಿಹರೇಶ್ವರ ದೇವಸ್ಥಾನದ ಮಂಟಪಕ್ಕೆ ಹೋದವರು ಕಂಬ ಸವರದೆ ಹೊರಬರುವುದು ಕಡಿಮೆ. ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಹೊತ್ತಿಗೆ ಕಟ್ಟಿಸಿದ ಹೊಯ್ಸಳ ಗುಡಿ ಇದು. ಒಳಗೆ ಅರ್ಧ ಶಿವ, ಅರ್ಧ ವಿಷ್ಣುವಾಗಿ ನಿಂತ ದೇವರು. ಹೊರಗೆ ತಿರುಗಣೆಗೆ ಕೊಟ್ಟು ಕಡೆದಂಥ ದುಂಡು ಕಂಬಗಳು, ಅವುಗಳ ಸುತ್ತ ಬಳೆ ತೊಡಿಸಿದಂತೆ ಏರಿಳಿಯುವ ಅಂಚುಗಳು. ಇದೇ ಊರಿನಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಶುರುವಾಗಿ ದೇಶಕ್ಕೆಲ್ಲ ಲೇತ್ ಯಂತ್ರ ಮಾಡಿಕೊಟ್ಟಿತು. ಏಳು ಶತಮಾನ ಆಚೀಚೆ ಒಂದೇ ಹೊಳೆದಂಡೆಯಲ್ಲಿ ಕಲ್ಲನ್ನೂ ಉಕ್ಕನ್ನೂ ತಿರುಗಿಸಿ ನುಣುಪು ಮಾಡಿದ ಊರು ಬೇರೆ ಯಾವುದಿದೆಯೋ! ಕಾರ್ಖಾನೆ ಮುಚ್ಚಿ ವರ್ಷಗಳಾದವು. ಕಂಬಗಳು ಮಾತ್ರ ಇನ್ನೂ ಮಿರುಗುತ್ತಿವೆ.

ನಾನು ಹೊರಟಿದ್ದು ಭಾನುವಳ್ಳಿಗೆ. ಅಲ್ಲಿ ಮಕ್ಕಳಿಗೆ ವಿಜ್ಞಾನ ಹೇಳುವ ಗೆಳೆಯರೊಬ್ಬರು, ‘ಪರಮಾಣು ಪಾಠ ಬಂದೈತಿ, ಒಂದಿಷ್ಟು ಚಿತ್ರ ತಗಂಡು ಬರ್ರಿ’ ಎಂದಿದ್ದರು. ಹರಿಹರ ದಾಟಿದ ಮೇಲೆ ಹೊಲದ ಬಣ್ಣವೇ ಬದಲು. ಭದ್ರಾ ನಾಲೆಯ ನೀರು ಮುಟ್ಟಿದಲ್ಲೆಲ್ಲ ಭತ್ತ, ಕಣ್ಣು ಹೋದಷ್ಟೂ ಭತ್ತ. ಬೆಳಗಿನ ಗದ್ದೆಯಲ್ಲಿ ಎಲೆಯೆಲೆಗೂ ಮುತ್ತಿನಂತೆ ಹನಿ ಕೂತಿತ್ತು. ಪಾಠ ಶಾಲೆಯಲ್ಲಿ ಎಂದುಕೊಂಡಿದ್ದೆ, ಬದುವಿನ ಮೇಲೇ ಶುರುವಾಯಿತು.

ಒಬ್ಬ ಹುಡುಗ ಬಾಟಲಿಯಿಂದ ಎಲೆಯ ಮೇಲೆ ಒಂದು ಹನಿ ಬಿಟ್ಟು, ಎಲೆಯನ್ನು ಮೆಲ್ಲಗೆ ಓರೆ ಮಾಡಿದ. ಹನಿ ಸರ್ರನೆ ತುದಿಗೆ ಓಡಿತು. ಮತ್ತೊಂದು ಹನಿ ಬಿಟ್ಟು, ಈ ಸಲ ಎಲೆಯನ್ನು ಅಡ್ಡಕ್ಕೆ ವಾಲಿಸಿದ. ಹನಿ ತಡವರಿಸಿ ನಿಂತಿತು. ‘ಉದ್ದಕ್ಕೆ ಓಡ್ತತಿ ಸಾರ್, ಅಡ್ಡಕ್ಕೆ ಬೇಗ ಓಡಲ್ಲ’ ಎಂದ. ಇದರಲ್ಲೇನು ವಿಶೇಷ ಎಂಬಂತೆ ಇತ್ತು ಅವನ ಮುಖ. ವಿಶೇಷ ಇತ್ತು! ಈ ಅಡ್ಡ-ಉದ್ದದ ಭೇದವನ್ನು ಚೀನಾದ ವಿಜ್ಞಾನಿಗಳು 2002ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಹಿಡಿದು ಬಿಡಿಸಿ ಹೇಳಿದ್ದರು. ತಾವರೆ ಎಲೆ ಒದ್ದೆಯಾಗದ ಗುಟ್ಟನ್ನು ಜರ್ಮನಿಯ ಬಾರ್ತ್‌ಲಾಟ್ ಮತ್ತು ನೈನ್‌ಹುಯಿಸ್ 1997ರಲ್ಲಿ ವಿವರಿಸಿದ್ದರು: ಎಲೆಯ ಮೈ ನುಣುಪಲ್ಲ, ಮೇಣ ಸವರಿದ ಸಣ್ಣ ಸಣ್ಣ ದಿಬ್ಬಗಳ ಮೈ. ಹನಿ ದಿಬ್ಬಗಳ ತುದಿಯ ಮೇಲಷ್ಟೇ ಕೂರುತ್ತದೆ, ಕೆಳಗೆಲ್ಲ ಗಾಳಿ. ತಾವರೆಯಲ್ಲಿ ದಿಬ್ಬಗಳು ಎತ್ತೆತ್ತಲೋ ಚೆಲ್ಲಿಕೊಂಡಿವೆ. ಭತ್ತದಲ್ಲಿ ಅವು ಎಲೆಯ ಉದ್ದಕ್ಕೂ ಸಾಲು ಹಿಡಿದಿವೆ. ಸಾಲಿನ ಗುಂಟ ಜಾರುವುದು ಸಲೀಸು, ಸಾಲು ದಾಟುವುದು ಕಷ್ಟ.

ನಾನು ಒಯ್ದಿದ್ದ, ಆ ದಿಬ್ಬಗಳ ಚಿತ್ರ ತೆಗೆದು ತೋರಿಸಿದೆ. ಒಂದೊಂದು ದಿಬ್ಬವೂ ಮಿಲಿಮೀಟರಿನ ನೂರರಲ್ಲೊಂದು ಪಾಲಿಗಿಂತ ಚಿಕ್ಕದು. ಒಬ್ಬ ಹುಡುಗಿ ಬಗ್ಗಿ ನೋಡಿ, ‘ಇದು ನಾಟಿ ಮಾಡಿದ ಗದ್ದಿ ಐತಲ್ಲ’ ಎಂದಳು. ಹೌದಲ್ಲ! ಗದ್ದೆಯಲ್ಲಿ ಸಾಲು ನಾಟಿ, ಎಲೆಯ ಮೇಲೂ ಸಾಲು ನಾಟಿ. ನಾನು ತಯಾರಿ ಮಾಡಿಕೊಂಡು ಹೋಗಿದ್ದ ಉಪಮೆಗಳನ್ನೆಲ್ಲ ಅಲ್ಲೇ ಕೈಬಿಟ್ಟೆ.

ಅಲ್ಲಿಂದ ಕೆಳಗಿಳಿಯುವುದು ಕಷ್ಟದ ಹಾದಿ. ಒಂದು ದಿಬ್ಬದ ಅಗಲದಲ್ಲೇ ಪರಮಾಣುಗಳು ಸಾವಿರಗಟ್ಟಲೆ ಸಾಲು ನಿಲ್ಲುತ್ತವೆ. ಅವುಗಳ ಲೆಕ್ಕ ಆಂಗ್‌ಸ್ಟ್ರಾಮ್‌ನಲ್ಲಿ, ಅಂದರೆ ಮಿಲಿಮೀಟರಿನ ಕೋಟಿಯಲ್ಲೊಂದು ಪಾಲು. ಅಷ್ಟು ಚಿಕ್ಕದ್ದನ್ನು ಬೆಳಕಿನಿಂದ ನೋಡಲಾಗದು, ಏಕೆಂದರೆ ಬೆಳಕಿನ ಅಲೆಯೇ ಅದಕ್ಕಿಂತ ಸಾವಿರಾರು ಪಟ್ಟು ಉದ್ದ. ಹರಿಹರದ ಕಂಬ ಮಿರುಗುವುದೂ ಇದೇ ಕಾರಣಕ್ಕೆ: ಬೆಳಕಿನ ಅಲೆಗಿಂತ ತೀರಾ ಸಣ್ಣ ಗೀರುಗಳು ನಮ್ಮ ಕಣ್ಣಿನ ಪಾಲಿಗೆ ಇಲ್ಲವೇ ಇಲ್ಲ.

1981ರಲ್ಲಿ ಜ್ಯೂರಿಕ್‌ನ ಐಬಿಎಂ ಪ್ರಯೋಗಾಲಯದಲ್ಲಿ ಗೆರ್ಡ್ ಬಿನಿಗ್ ಮತ್ತು ಹೈನ್ರಿಶ್ ರೋರರ್ ನೋಡುವ ಆಸೆಯನ್ನೇ ಬಿಟ್ಟು ತಡವಲು ಹೊರಟರು. ತುದಿಯಲ್ಲಿ ಒಂದೇ ಪರಮಾಣು ಉಳಿಯುವಷ್ಟು ಚೂಪಾದ ಲೋಹದ ಸೂಜಿಯನ್ನು ಮೇಲ್ಮೈಗೆ ಮುಟ್ಟೀ ಮುಟ್ಟದಂತೆ ತಂದರು. ನಡುವೆ ಒಂದು ನ್ಯಾನೋಮೀಟರಿನಷ್ಟೂ ಜಾಗವಿಲ್ಲ. ಸಣ್ಣ ವೋಲ್ಟೇಜ್ ಕೊಟ್ಟರೆ ಎಲೆಕ್ಟ್ರಾನುಗಳು ಆ ಕಂದಕವನ್ನು ಹಾರದೆಯೇ ಆಚೆ ದಡದಲ್ಲಿ ಪ್ರತ್ಯಕ್ಷವಾಗುತ್ತವೆ. ಕ್ವಾಂಟಂ ಲೋಕದ ಈ ಕಳ್ಳದಾರಿಗೆ ಸುರಂಗ ಅಂತಲೇ ಹೆಸರು. ಮಜಾ ಇರುವುದು ಮುಂದೆ. ಸೂಜಿ ಒಂದೇ ಒಂದು ಆಂಗ್‌ಸ್ಟ್ರಾಮ್ ಹತ್ತಿರವಾದರೆ ಕರೆಂಟು ಹೆಚ್ಚುಕಡಿಮೆ ಹತ್ತು ಪಟ್ಟಾಗುತ್ತದೆ. ಕರೆಂಟು ಏರದಂತೆ, ಇಳಿಯದಂತೆ ಸೂಜಿಯನ್ನು ಎತ್ತಿ ಇಳಿಸುತ್ತ ಸಾಲು ಸಾಲಾಗಿ ಓಡಿಸಿ, ಆ ಏರಿಳಿತವನ್ನು ಬರೆದುಕೊಂಡರೆ ಪರಮಾಣುಗಳ ನಕ್ಷೆ ಸಿಕ್ಕಿತು. 1986ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಎರ್ನ್ಸ್ಟ್ ರುಸ್ಕಾಗೂ ಅದೇ ವರ್ಷವೇ.

ಶಾಲೆಗೆ ಬಂದ ಮೇಲೆ ತೆಗೆದ ಎರಡನೇ ಚಿತ್ರ ಗ್ರಾಫೈಟಿನದು, ಮಕ್ಕಳ ಕಂಪಾಸಿನ ಪೆನ್ಸಿಲ್‌ನಲ್ಲಿರುವ ಅದೇ ಗ್ರಾಫೈಟು. ಅದರ ಪದರವನ್ನು ಅಂಟುಪಟ್ಟಿಯಿಂದ ಕಿತ್ತು ಹೊಸ ಮೈ ತೆರೆದರೆ ಸಾಕು, ಬಯಲು ಗಾಳಿಯಲ್ಲೇ ಪರಮಾಣುಗಳ ಸಾಲು ತೋರಿಸುತ್ತದೆ. ಅದಕ್ಕೇ ಕಾಲೇಜು ಪ್ರಯೋಗಾಲಯಗಳಿಗೆ ಅದು ಅಚ್ಚುಮೆಚ್ಚು. ಚಿತ್ರದಲ್ಲಿ ಕೇಸರಿ ಬಣ್ಣದ ಉಬ್ಬುಗಳು ಒಪ್ಪವಾಗಿ ಕೂತಿದ್ದವು. ‘ಪರಮಾಣು ಕೇಸರಿ ಇರ್ತತಾ?’ ಅಂತ ಮೊದಲ ಪ್ರಶ್ನೆ. ಇಲ್ಲ, ಬಣ್ಣ ಕಂಪ್ಯೂಟರ್ ಬಳಿದದ್ದು. ‘ಹಂಗಾರೆ ದುಂಡಗಿರೋದು?’

ಈ ಎರಡನೇ ಪ್ರಶ್ನೆಗೆ ನಾನು ಒಳಗೊಳಗೇ ನಮಸ್ಕಾರ ಹಾಕಿದೆ. ಪಠ್ಯದ ಪರಮಾಣು ನಡುವೆ ಸೂರ್ಯ, ಸುತ್ತ ಗ್ರಹಗಳಂತೆ. ಅದನ್ನು ಅಳಿಸಿ ಇನ್ನೊಂದು ಗೋಲಿಯನ್ನು ತಲೆಯಲ್ಲಿ ಕೂರಿಸುವುದಾದರೆ ಇಷ್ಟು ದುಬಾರಿ ಚಿತ್ರ ಯಾಕೆ ಬೇಕು? ಗ್ರಾಫೈಟಿನ ಈ ಚಿತ್ರದಲ್ಲಿ ಸಾಮಾನ್ಯವಾಗಿ ಮೇಲ್ಪದರದ ಅರ್ಧದಷ್ಟು ಪರಮಾಣುಗಳು ಕಾಣುವುದೇ ಇಲ್ಲ. ಕೆಳಪದರದಲ್ಲಿ ನೇರ ಕೆಳಗೆ ಜೊತೆಗಾರ ಇರುವ ಪರಮಾಣು ಸೂಜಿಗೆ ಮಂಕಾಗಿ, ಜೊತೆಗಾರ ಇಲ್ಲದ್ದು ಎದ್ದು ತೋರುತ್ತದೆ. ಎರಡೂ ಇಂಗಾಲವೇ, ಎತ್ತರವೂ ಒಂದೇ. ಅಂದರೆ ಸೂಜಿ ಅಳೆಯುವುದು ಬರೀ ಗುಡ್ಡವನ್ನಲ್ಲ, ಎಲೆಕ್ಟ್ರಾನು ಎಲ್ಲಿ ಸಲೀಸಾಗಿ ಸಿಗುತ್ತದೆ ಎಂಬುದನ್ನು. ಚಿತ್ರ ಹೇಗೆ ಹುಟ್ಟಿತು ಅಂತ ಹೇಳದೆ ಚಿತ್ರ ತೋರಿಸುವುದು ಪಾಠವಲ್ಲ, ಜಾತ್ರೆಯ ಬಯಾಸ್ಕೋಪು.

ಬಯಾಸ್ಕೋಪೂ ಬೇಕು ಅನ್ನಿ. 1989ರಲ್ಲಿ ಐಬಿಎಂನ ಡಾನ್ ಐಗ್ಲರ್ ಅಂಥದೇ ಸೂಜಿಯಿಂದ 35 ಕ್ಸೆನಾನ್ ಪರಮಾಣುಗಳನ್ನು ನಿಕ್ಕಲ್ ಮೇಲೆ ಎಳೆದೆಳೆದು ತಮ್ಮ ಕಂಪನಿಯ ಮೂರಕ್ಷರ ಬರೆದ ಚಿತ್ರ ಕಂಡು ಮಕ್ಕಳು ಹೋ ಎಂದರು. 2013ರಲ್ಲಿ ಅದೇ ಕಂಪನಿಯವರು ತಾಮ್ರದ ಮೇಲೆ ಕಾರ್ಬನ್ ಮಾನಾಕ್ಸೈಡ್ ಅಣುಗಳನ್ನಿಟ್ಟು, ಸೊನ್ನೆಗಿಂತ 260 ಡಿಗ್ರಿಗೂ ಹೆಚ್ಚು ಕೆಳಗಿನ ಚಳಿಯಲ್ಲಿ, ಪರಮಾಣುವಿನ ಜೊತೆ ಆಡುವ ಹುಡುಗನ ಸಿನಿಮಾ ಮಾಡಿದ್ದಾರೆ. ಮೊಬೈಲಿನಲ್ಲಿ ಅದನ್ನು ತಿರುತಿರುಗಿ ಹಾಕಿಸಿಕೊಂಡರು. ಐಗ್ಲರ್ ಅಕ್ಷರ ಬರೆದ ವರ್ಷವೇ ನಮ್ಮ ಸಿ.ಎನ್.ಆರ್. ರಾವ್ ಬೆಂಗಳೂರಿನ ಜಕ್ಕೂರಿನಲ್ಲಿ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ ಕಟ್ಟಿದ್ದು. ನ್ಯಾನೋ ವಸ್ತುಗಳ ಸಂಶೋಧನೆಯ ನಡುವೆಯೂ ಅವರು ಪತ್ನಿ ಇಂದುಮತಿ ರಾವ್ ಜೊತೆ ಸೇರಿ ಮಕ್ಕಳಿಗೆಂದೇ ವಿಜ್ಞಾನದ ಪುಸ್ತಕಗಳನ್ನು ಬರೆದರು.

‘ಆ ಸೂಜೀನ ನಮ್ಮ ಭತ್ತದ ಎಲಿ ಮ್ಯಾಲೆ ಓಡಿಸಬೋದಾ?’ ಎಂದು ನಾಟಿ ಗದ್ದೆ ಕಂಡ ಹುಡುಗಿಯೇ ಕೇಳಿದಳು. ಆಗದು, ಮೇಣದಲ್ಲಿ ಕರೆಂಟು ಹರಿಯುವುದಿಲ್ಲ. ಈ ತೊಡಕು ಬಿನಿಗ್‌ರನ್ನೂ ಕಾಡಿರಬೇಕು. 1986ರಲ್ಲಿ ಕ್ವೇಟ್ ಮತ್ತು ಗರ್ಬರ್ ಜೊತೆ ಸೇರಿ ಕರೆಂಟೇ ಬೇಡದ ಇನ್ನೊಂದು ಯಂತ್ರ ಮಾಡಿದರು. ಬಳುಕುವ ಸಣ್ಣ ಪಟ್ಟಿಯ ತುದಿಗೊಂದು ಮೊನೆ. ಮೊನೆ ಮೇಲ್ಮೈಯನ್ನು ತಡವಿದಂತೆ ಪಟ್ಟಿ ಬಾಗುತ್ತದೆ. ಮುಂದೆ ಬಂದ ಯಂತ್ರಗಳಲ್ಲಿ ಪಟ್ಟಿಯ ಬೆನ್ನಿಗೆ ಬಡಿದು ಚಿಮ್ಮುವ ಲೇಸರ್ ಕಿರಣ ಆ ಬಾಗನ್ನು ದೊಡ್ಡದು ಮಾಡಿ ಹೇಳುತ್ತದೆ. ಎಲೆಯಾದರೂ ಸರಿ, ಹಲ್ಲಾದರೂ ಸರಿ.

ಗೆಳೆಯರು ಇದಕ್ಕೇ ಕಾದಿದ್ದವರಂತೆ ಕಪಾಟು ತೆಗೆದರು. ಪ್ಲಾಸ್ಟಿಕ್ ಅಳತೆಪಟ್ಟಿ, ತುದಿಗೆ ಕೆಳಮುಖವಾಗಿ ಗುಂಡುಸೂಜಿ, ಬೆನ್ನಿಗೆ ಅಂಟಿಸಿದ ಕನ್ನಡಿ ಚೂರು. ರಟ್ಟಿನ ಮೇಲೆ ಅಂಟು ಬಳಿದು ಸಾಲಾಗಿ ಕೂರಿಸಿದ ಭತ್ತದ ಕಾಳು. ಲೇಸರ್ ಬೆಳಕು ಕನ್ನಡಿಗೆ ಬಡಿದು ಗೋಡೆಯ ಮೇಲೆ ಕೆಂಪು ಚುಕ್ಕಿಯಾಯಿತು. ಅರ್ಧ ಮಕ್ಕಳು ರಟ್ಟಿಗೆ ಬೆನ್ನು ಹಾಕಿ ಗೋಡೆಗೆ ಮುಖ ಮಾಡಿ ನಿಂತರು, ಕೈಯಲ್ಲಿ ಸೀಮೆಸುಣ್ಣ. ರಟ್ಟನ್ನು ಎಳೆದಂತೆ ಚುಕ್ಕಿ ಹತ್ತಿತು, ಇಳಿಯಿತು, ಹತ್ತಿತು. ಪ್ರತಿ ಏರಿಗೂ ಒಂದು ಗುರುತು. ನಡುವೆ ಒಂದು ಕಡೆ ಚುಕ್ಕಿ ಏಳಲೇ ಇಲ್ಲ. ‘ಅಲ್ಲಿ ಕಾಳು ಉದುರೈತಿ’ ಎಂದ ಒಬ್ಬ. ‘ಇಲ್ಲ, ಸೂಜಿ ಪಕ್ಕಕ್ಕೆ ಜಾರೈತಿ’ ಎಂದ ಇನ್ನೊಬ್ಬ. ಜಗಳ ಜೋರಾಗಿ ಮೊದಲಿನವನು ತಿರುಗಿ ರಟ್ಟು ನೋಡಲು ಹೊರಟ. ಮೇಷ್ಟ್ರು ಬಿಡಲಿಲ್ಲ. ‘ತಿರುಗಂಗಿಲ್ಲ. ಜ್ಯೂರಿಕ್‌ನೋರಿಗೆ ತಿರುಗಿ ನೋಡೋ ಸವಲತ್ತು ಇತ್ತೇನು? ಅದೇ ಸಾಲು ಇನ್ನೊಮ್ಮೆ ಎಳೀರಿ, ಈ ಸಲ ನಿಧಾನಕ್ಕೆ.’