ಕ್ಲಚ್ಚಿನ ನೆಪದಲ್ಲಿ

ಮನೆಗೆ ಬಂದ ಹೆಂಗಸರು ಸೀರೆ, ಚಿನ್ನ, ಮಕ್ಕಳ ಮಾರ್ಕ್ಸು ಎಂದು ಮಾತಾಡುತ್ತಾ ಕೂತಿದ್ದರೆ ನಾನು ನಡುವೆ ಲಾರಿಯ ಸುದ್ದಿ ತೆಗೆದುಬಿಡುತ್ತೇನೆ ಎಂದು ನನ್ನ ಮಗಳಿಗೆ ಈಗಲೂ ಮುಜುಗರ. ಏನು ಮಾಡಲಿ? 1993ರಲ್ಲಿ ನಮ್ಮ ಯಜಮಾನರು ಬೆನ್ನಿಗೆ ಪೆಟ್ಟಾಗಿ ಹಾಸಿಗೆ ಹಿಡಿದಾಗ ಮನೆಯ ಅನ್ನಕ್ಕೆ ಆಧಾರವಾಗಿದ್ದದ್ದು ಒಂದು ಹಳೆಯ ಲಾರಿ. ಹಾಸನದಿಂದ ಆಲೂಗಡ್ಡೆ ತುಂಬಿಕೊಂಡು ಮಂಗಳೂರಿಗೆ ಇಳಿಯುವುದು, ಅಲ್ಲಿಂದ ಹೆಂಚು ಹೇರಿಕೊಂಡು ಶಿರಾಡಿ ಘಾಟಿ ಹತ್ತಿ ಬರುವುದು. ಲೆಕ್ಕದ ಪುಸ್ತಕ ನನ್ನ ಕೈಗೆ ಬಂತು. ಅದರ ಹಿಂದೆಯೇ ಗ್ಯಾರೇಜಿನ ಬಿಲ್ಲುಗಳೂ ಬಂದವು.

ಮೊದಮೊದಲು ಮೇಸ್ತ್ರಿ ಹೇಳುವುದು ಒಂದೂ ತಿಳಿಯುತ್ತಿರಲಿಲ್ಲ. ಕ್ಲಚ್ ಎಂದರೇನು ಎಂದು ಕೇಳಿದ್ದಕ್ಕೆ, "ನಿಮ್ಮನೇಲಿ ಗ್ರೈಂಡರ್ ಇದೆಯಲ್ಲಾ ಅಕ್ಕಾ, ಬೆಲ್ಟ್ ಜಾರಿದರೆ ಏನಾಗುತ್ತೆ?" ಎಂದರು. ಮೋಟಾರು ಗುಂಯ್ ಎನ್ನುತ್ತದೆ, ಕಲ್ಲು ತಿರುಗುವುದಿಲ್ಲ. "ಇಲ್ಲೂ ಅಷ್ಟೇ" ಎಂದರು. ಕ್ಲಚ್ ಪ್ಲೇಟು ಎಂಜಿನ್ನಿನ ಫ್ಲೈವೀಲಿಗೆ ಒತ್ತಿಕೊಂಡಿದ್ದರೆ ಶಕ್ತಿ ಗೇರ್ ಬಾಕ್ಸಿಗೆ ಹೋಗುತ್ತದೆ. ಪೆಡಲ್ ತುಳಿದರೆ ಬಿಡಿಸಿಕೊಳ್ಳುತ್ತದೆ. ಸರಿಯಾಗಿ ಒತ್ತಿಕೊಳ್ಳದಿದ್ದರೆ ಜಾರುತ್ತದೆ, ಸುಟ್ಟ ವಾಸನೆ ಬರುತ್ತದೆ. ಸರಿಯಾಗಿ ಬಿಡಿಸಿಕೊಳ್ಳದಿದ್ದರೆ ಗೇರ್ ಹಾಕುವಾಗ ಕರಕರ ಎನ್ನುತ್ತದೆ. ಪೆಡಲ್ ತುಳಿದಾಗ ಮಾತ್ರ ಸದ್ದು ಬಂದರೆ ರಿಲೀಸ್ ಬೇರಿಂಗಿನ ಮೇಲೆ ಅನುಮಾನ. ಇಷ್ಟನ್ನೂ ಬಾಯಿಪಾಠ ಮಾಡಿಕೊಂಡೆ. ಜೊತೆಗೆ ಇನ್ನೊಂದು ಮಾತು: ಡ್ರೈವರ್ ಸುಮ್ಮಸುಮ್ಮನೆ ಪೆಡಲ್ ಮೇಲೆ ಕಾಲಿಟ್ಟುಕೊಂಡಿದ್ದರೆ ಪ್ಲೇಟು ಬೇಗ ಸವೆಯುತ್ತದೆ.

ಈ ಕೊನೆಯ ಮಾತೇ ನನ್ನನ್ನು ಕೆಡಿಸಿದ್ದು.

1994ರ ಮಳೆಗಾಲ. ಹೊಸ ಪ್ಲೇಟು ಹಾಕಿಸಿ ಏಳು ತಿಂಗಳೂ ಆಗಿರಲಿಲ್ಲ. ಡ್ರೈವರ್ ಬಂದು, "ಅಮ್ಮಾವ್ರೇ, ಗುಂಡ್ಯ ದಾಟಿ ಘಾಟಿ ಹತ್ತೋವಾಗ ಎಂಜಿನ್ ಕೂಗುತ್ತೆ, ಗಾಡಿ ಮಾತ್ರ ಏಳಲ್ಲ. ವಾಸನೆ ಬಂತು, ಅಲ್ಲಲ್ಲಿ ನಿಲ್ಲಿಸಿ ಆರಿಸಿಕೊಂಡು ಬಂದೆ" ಎಂದರು. ನನಗಿಂತ ಹತ್ತು ವರ್ಷ ದೊಡ್ಡವರು, ಯಜಮಾನರ ಕಾಲದಿಂದ ಇದ್ದವರು. ಆ ವಾರವಷ್ಟೇ ಔಷಧಿಯ ಖರ್ಚಿಗೆಂದು ಬಳೆ ಅಡವಿಟ್ಟಿದ್ದೆ. ರೇಗಿಹೋಯಿತು. "ಹಾಫ್ ಕ್ಲಚ್ಚಲ್ಲೇ ಓಡಿಸಿದರೆ ಇನ್ನೇನಾಗುತ್ತೆ? ಇದರ ಖರ್ಚು ನಿಮ್ಮ ಸಂಬಳದಲ್ಲೇ ಹಿಡೀತೀನಿ" ಎಂದೆ. ಅವರು ಎದುರಾಡಲಿಲ್ಲ. ಬೀಗದ ಕೈಯನ್ನು ಟೀಪಾಯಿಯ ಮೇಲಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹೊರಟೇಹೋದರು. ಒಳಗಿನಿಂದ ಯಜಮಾನರು, "ನೋಡದೇನೇ ತೀರ್ಪು ಕೊಟ್ಟೆಯಲ್ಲೇ" ಎಂದರು. ನಾನು ಕೇಳಿಸಲಿಲ್ಲವೆಂಬಂತೆ ಅಡುಗೆಮನೆಗೆ ನಡೆದೆ.

ಮರುದಿನ ಗ್ಯಾರೇಜಿನವರು ಬಂದು ಲಾರಿ ಒಯ್ದರು. ನಾನೂ ಹೋದೆ. ಮೇಸ್ತ್ರಿ ಮೊದಲು ಪೆಡಲನ್ನು ಕೈಯಲ್ಲೇ ಒತ್ತಿ ನೋಡಿದರು. ಮೊದಲ ಒಂದಂಗುಲದಷ್ಟು ಸಡಿಲವಾಗಿ ಇಳಿಯಿತು. "ಫ್ರೀ ಪ್ಲೇ ಸರಿಯಾಗಿದೆ. ಇದೇ ಇಲ್ಲದಿದ್ದರೆ ಅಡ್ಜಸ್ಟ್ ಮಾಡಿ ಕಳಿಸಬಹುದಿತ್ತು" ಎಂದರು. ಆಮೇಲೆ ಚಕ್ರಗಳಿಗೆ ಕಲ್ಲು ಕೊಡಿಸಿ, ಹ್ಯಾಂಡ್ ಬ್ರೇಕ್ ಎಳೆದು, ಮೇಲಿನ ಗೇರ್ ಹಾಕಿ ನಿಧಾನವಾಗಿ ಪೆಡಲ್ ಬಿಟ್ಟರು. ಕ್ಲಚ್ ಸರಿಯಿದ್ದರೆ ಎಂಜಿನ್ ಅಲ್ಲೇ ನಿಂತುಹೋಗಬೇಕು. ನಮ್ಮದು ಗುರುಗುಟ್ಟುತ್ತಲೇ ಇತ್ತು. "ಜಾರುತ್ತಿರುವುದು ನಿಜ. ಯಾಕೆ ಅಂತ ನೋಡಬೇಕು" ಎಂದು ಲಾರಿಯ ಅಡಿಗೆ ನುಸುಳಿದರು.

ಹೊರಬಂದಾಗ ಅವರ ಬೆರಳ ತುದಿ ಕಪ್ಪಾಗಿತ್ತು. ಮೂಸಿ ನೋಡಿ, "ಗೇರ್ ಆಯಿಲ್ ಅಲ್ಲ, ಅದರ ಘಾಟೇ ಬೇರೆ. ಇದು ಎಂಜಿನ್ ಆಯಿಲ್" ಎಂದರು. ಸಂಜೆಯ ಹೊತ್ತಿಗೆ ಗೇರ್ ಬಾಕ್ಸ್ ಇಳಿಯಿತು. ಪ್ಲೇಟನ್ನು ನನ್ನ ಮುಂದೆ ಹಿಡಿದರು. ಲೈನಿಂಗ್ ಇನ್ನೂ ದಪ್ಪವಾಗಿಯೇ ಇತ್ತು, ಆದರೆ ಎಣ್ಣೆ ಕುಡಿದು ಮಿರಮಿರ ಮಿಂಚುತ್ತಿತ್ತು. "ಕಾಲಿಟ್ಟು ಸವೆಸಿದ್ದರೆ ರಿವೆಟ್ಟಿನ ತನಕ ತೇಯ್ದಿರಬೇಕಿತ್ತು ಅಕ್ಕಾ. ಇದು ಡ್ರೈವರ್ ತಪ್ಪಲ್ಲ. ಎಂಜಿನ್ ಹಿಂದಿನ ಆಯಿಲ್ ಸೀಲ್ ಹೋಗಿದೆ." ಸ್ವಲ್ಪ ತಡೆದು ಮೆಲ್ಲಗೆ ಹೇಳಿದರು: "ಹೋದ ಸಲ ಗೇರ್ ಬಾಕ್ಸ್ ಇಳಿಸಿದಾಗಲೇ ಸೀಲೂ ಬದಲಾಯಿಸೋಣ ಅಂದಿದ್ದೆ. ನೀವು ಮುಂದಿನ ಸಲ ನೋಡೋಣ ಅಂದ್ರಿ."

ಅಂದಿದ್ದೆ. ಸೀಲಿನ ದುಡ್ಡು ಉಳಿಯಿತೆಂದು ಪುಸ್ತಕದಲ್ಲಿ ಬರೆದುಕೊಂಡೂ ಇದ್ದೆ. ಈಗ ಪ್ಲೇಟೂ ಹೋಯಿತು, ಗೇರ್ ಬಾಕ್ಸ್ ಇಳಿಸಿದ ಕೂಲಿಯೂ ಮತ್ತೊಮ್ಮೆ ಬಿತ್ತು. ಜೊತೆಗೆ ಒಬ್ಬ ಮನುಷ್ಯ ಬೀಗದ ಕೈಯಿಟ್ಟು ಹೋಗಿದ್ದರು.

ಕತ್ತಲಾಗುವ ಮುಂಚೆ ಅವರ ಮನೆಗೆ ಹೋದೆ. ಅವರ ಹೆಂಡತಿ ಕಾಫಿ ತಂದುಕೊಟ್ಟರು, ಮಾತಾಡಲಿಲ್ಲ. ಆ ಮೌನ ನನಗೆ ಬೇಕಾಗಿತ್ತು ಎಂದುಕೊಂಡೆ. "ತಪ್ಪು ನನ್ನದು" ಎಂದು ಬೀಗದ ಕೈ ಮುಂದೆ ಹಿಡಿದೆ. ಅವರು ಬಹಳ ಹೊತ್ತು ಅದನ್ನೇ ನೋಡಿದರು. "ಅಮ್ಮಾವ್ರೇ, ಘಾಟಿಲಿ ಮುಂದಿನ ಗಾಡಿ ನಿಂತಾಗ ನಾನೂ ಒಂದೊಂದ್ಸಲ ಪೆಡಲ್ ಮೇಲೆ ಕಾಲಿಟ್ಟಿರ್ತೀನಿ. ಇಲ್ಲ ಅನ್ನಲ್ಲ. ಆದರೆ ಕೇಳಿ ಬೈಬೇಕಿತ್ತು" ಎಂದರು. ಆಮೇಲೆ ಬೀಗದ ಕೈ ತೆಗೆದುಕೊಂಡರು. ಲಾರಿ ಮಾರುವವರೆಗೂ ಅವರೇ ಓಡಿಸಿದರು.

ಮೊನ್ನೆ ನಮ್ಮ ಮನೆಯ ಗ್ರೈಂಡರ್ ನಿಂತುಹೋಯಿತು. ಮೋಟಾರು ಗುಂಯ್ ಎನ್ನುತ್ತಿತ್ತು, ಕಲ್ಲು ಅಲುಗಲಿಲ್ಲ. ಸೊಸೆ, "ಕೆಲಸದವಳು ಏನೋ ಮಾಡಿರಬೇಕು, ಬರಲಿ ಇವತ್ತು" ಎಂದಳು. ನಾನು ಪ್ಲಗ್ ಕಿತ್ತು, ಸೆರಗು ಸಿಕ್ಕಿಸಿಕೊಂಡು ನೆಲಕ್ಕೆ ಕೂತೆ.

"ಮೊದಲು ಬೆಲ್ಟ್ ನೋಡೋಣ ತಾಳಮ್ಮ" ಎಂದೆ.